ಮಗುಚಿ ಕೇಳದ ಪ್ರಶ್ನೆ

ಬುಧವಾರ, ಹನ್ನೆರಡನೆಯ ತಾರೀಖು

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ಭಾವನವರಿಗೂ ನನ್ನ ನಮಸ್ಕಾರ ತಿಳಿಸು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿನ್ನ ಪತ್ರ ಬಂದು ಒಂಬತ್ತು ದಿನಗಳಾದವು. ಉತ್ತರ ತಡವಾದದ್ದಕ್ಕೆ ಪರೀಕ್ಷೆಯ ನೆಪ ಹೇಳಬಹುದಿತ್ತು. ಆದರೆ ಪರೀಕ್ಷೆ ಮುಗಿದು ಬಹಳ ದಿನಗಳಾದವು, ಫಲಿತಾಂಶವೂ ಬಂದಿದೆ. ಎಂದಿನಂತೆ ನಾನೇ ಮೊದಲು. "ನಮ್ಮ ಪಂಡಿತೆ ಅಲ್ವಾ, ಅದರಲ್ಲೇನು ವಿಶೇಷ" ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನ್ ಮಾಡಬಹುದಿತ್ತಲ್ಲ ಎಂದೂ ಕೇಳುತ್ತೀಯೆ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯೆ, ನಾನು ಜಾಣತನದಿಂದ ಮಾತು ತಿರುಗಿಸುತ್ತೇನೆ. ಈ ವಿಷಯದಲ್ಲಿ ಅವೆರಡೂ ಆಗಬಾರದು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಅಮ್ಮನ ಹೊಲಿಗೆ ಅಂಗಡಿಯ ಬೀಗದ ಕೈಯನ್ನು, ಅದನ್ನು ವಹಿಸಿಕೊಳ್ಳಲಿರುವ ಕೋಟಿನ ಟೈಲರಿಗೆ ಕೊಡಬೇಡ. ಅಮ್ಮನನ್ನು ನಿನ್ನ ಮನೆಗೆ ಕರೆದೊಯ್ಯಲು ವ್ಯಾನು ಗೊತ್ತುಮಾಡಿದ್ದರೆ ಅದನ್ನೂ ಬೇಡವೆನ್ನು. ಅಮ್ಮ ಇದಕ್ಕೆಲ್ಲ ಒಪ್ಪಿದ್ದಾಳೆ ಎಂದು ಕಳೆದ ತಿಂಗಳು ನಾನು ಬರೆದದ್ದು ತಪ್ಪು.

ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. "ಅಮ್ಮ ತಾನಾಗಿ ಹೂಂ ಅಂದ್ರೆ ಮಾತ್ರ ನಾನು ಮುಂದುವರಿಯೋದು, ನೀನು ಕೇಳಿ ಹೇಳು, ನಿನಗಲ್ವಾ ಇವೆಲ್ಲ ಗೊತ್ತಿರೋದು" ಎಂದು ನೀನು ಸ್ಪಷ್ಟವಾಗಿಯೇ ಹೇಳಿದ್ದೆ. ನಾನು ಕೇಳಿದೆ, ಅವಳು "ಹೂಂ" ಎಂದಳು, ನಾನು ಬರೆದೆ. ಆ ಒಂದು ಹೂಂ ನಂಬಿಕೊಂಡು ನೀನು ಹಿಂದಿನ ಕೋಣೆಗೆ ಬಣ್ಣ ಹೊಡೆಸಿದೆ, ಭಾವನವರು ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದರು, ಕೋಟಿನ ಟೈಲರ್ ಹೊಸ ಬೋರ್ಡು ಬರೆಸಿ ಒಣಗಲಿಟ್ಟಿದ್ದಾನೆ.

ನಾಲ್ಕು ತಿಂಗಳ ಹಿಂದೆ ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತು ಅಮ್ಮನ ಮಾತು ಹೋದಾಗ ಡಾಕ್ಟರು ನಮಗೆ ಹೇಳಿದ್ದು ಇಷ್ಟೇ: "ಹೇಳಿದ್ದು ಅರ್ಥ ಆಗತ್ತೆ, ಹೇಳೋಕೆ ಬರಲ್ಲ." ಸ್ಥೂಲವಾಗಿ ಅದು ನಿಜ. ಆದರೆ ನಾನು ನಾಲ್ಕು ವರ್ಷ ಓದಿರುವುದೇ ಇದನ್ನು. ಆದ್ದರಿಂದ ಇನ್ನೂ ಸ್ವಲ್ಪ ನಿಖರವಾಗಿ ಹೇಳುತ್ತೇನೆ, ಆಕಳಿಸಬೇಡ. ಒಂದು ಪದ ಬಾಯಿಗೆ ಬರುವ ಮೊದಲು ಮನಸ್ಸು ಹಲವು ಕೆಲಸ ಮಾಡಿ ಮುಗಿಸಿರುತ್ತದೆ. ಹೇಳಬೇಕಾದದ್ದು ಮೂಡಬೇಕು, ಅದಕ್ಕೆ ತಕ್ಕ ಪದವನ್ನು ಹತ್ತಾರು ನೆರೆಯ ಪದಗಳ ನಡುವಿನಿಂದ ಆರಿಸಬೇಕು, ಅದರ ಧ್ವನಿಗಳನ್ನು ಸಾಲಾಗಿ ಜೋಡಿಸಬೇಕು, ಆಮೇಲೆ ನಾಲಿಗೆ. ನಮಗೆ ಇದು ರೆಪ್ಪೆ ಬಡಿಯುವಷ್ಟರಲ್ಲಿ ಆಗುತ್ತದೆ. ಅದಕ್ಕೇ ಅದು ಕೆಲಸವೆಂದೇ ನಮಗನ್ನಿಸುವುದಿಲ್ಲ. ಅಂಗಡಿಯ ಗುಂಡಿ ಡಬ್ಬ ನೆನಪಿದೆಯಲ್ಲ, ನಾವಿಬ್ಬರೂ ಮೊಣಕೈವರೆಗೆ ಕೈ ಬಿಟ್ಟು ಬೈಸಿಕೊಳ್ಳುತ್ತಿದ್ದದ್ದು? ತನಗೆ ಬೇಕಾದದ್ದು ನೀಲಿ ಗುಂಡಿ ಎಂದು ಅಮ್ಮನಿಗೆ ಗೊತ್ತು. ಅದು ಡಬ್ಬದಲ್ಲೇ ಇದೆ ಎಂದೂ ಗೊತ್ತು. ಆದರೆ ಕೈ ಹಾಕಿದಾಗೆಲ್ಲ ಎಲ್ಲಕ್ಕಿಂತ ಮೇಲೆ ಬಿದ್ದಿರುವ ಬಿಳಿ ಗುಂಡಿಯೇ ಬರುತ್ತದೆ. "ಹೂಂ" ಎಂಬುದು ಆ ಬಿಳಿ ಗುಂಡಿ.

ಇದಕ್ಕಾಗಿಯೇ ನಮ್ಮ ಕಾಲೇಜಿನ ಚಿಕಿತ್ಸಾಲಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ಮೊದಲ ದಿನವೇ ನಮ್ಮ ಮೇಡಂ ಹೇಳಿದ್ದರು: "ಇವರ ಹೂಂ ನಂಬಬೇಡಿ, ಇವರ ಊಹೂಂ ಕೂಡ ನಂಬಬೇಡಿ. ಪ್ರಶ್ನೇನ ಅಂಗಿ ಥರ ಮಗುಚಿ ಇನ್ನೊಂದ್ಸಲ ಕೇಳಿ. ಕೇಳಿದ ಮೇಲೆ ಹತ್ತು ಸೆಕೆಂಡ್ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ." ಊಟ ಬೇಕೇ ಎಂದು ಕೇಳಿದರೆ ಊಟ ಬೇಡವೇ ಎಂದೂ ಕೇಳಬೇಕು. ಎರಡು ಉತ್ತರಗಳೂ ಒಂದಕ್ಕೊಂದು ಹೊಂದಿದರೆ ದಾಖಲೆ ಪುಸ್ತಕದಲ್ಲಿ ಬರೆಯಬಹುದು; ಹೊಂದದಿದ್ದರೆ "ಉತ್ತರ ದೊರೆತಿಲ್ಲ" ಎಂದು ಬರೆದು ಬೇರೆ ದಾರಿ ಹುಡುಕಬೇಕು.

ಅಮ್ಮನನ್ನು ನಾನು ಮಗುಚಿ ಕೇಳಲಿಲ್ಲ. ಮರೆತೆ. ತರಗತಿಗೆ ಮೊದಲಿಗಳಾದವಳು ಮೊದಲ ದಿನದ ಪಾಠವನ್ನೇ ಮರೆತಳು ಎಂದು ನೀನು ಬೇಕಾದರೆ ನಗು, ನನ್ನ ಆಕ್ಷೇಪವಿಲ್ಲ.

ತಪ್ಪು ತಿಳಿದದ್ದು ಸೋಮವಾರ. ಬಿಟ್ಟುಕೊಡಬೇಕಾದ ಸಾಮಾನಿನ ಪಟ್ಟಿ ಮಾಡಲು ಅಮ್ಮನೊಂದಿಗೆ ಅಂಗಡಿಗೆ ಹೋಗಿದ್ದೆ. ಸಮಯ ವ್ಯರ್ಥವಾಗದಿರಲೆಂದು ಅಭ್ಯಾಸದ ಚಿತ್ರಗಳನ್ನೂ ಒಯ್ದಿದ್ದೆ. ಕತ್ತರಿಯ ಚಿತ್ರ ತೋರಿಸಿ ಗಡಿಯಾರ ನೋಡುತ್ತ ಕುಳಿತೆ. ಅಮ್ಮ "ಅದು… ಅದು…" ಎಂದು ತುಟಿ ಕಚ್ಚಿಕೊಂಡಳು. ಹತ್ತು ಸೆಕೆಂಡು ಕಳೆಯಿತು. ನಾನು ಸೊನ್ನೆ ಬರೆದೆ. ಅವಳ ನಿಜವಾದ ಕತ್ತರಿ, ಹಿಡಿಯ ಬಣ್ಣವೆಲ್ಲ ಅವಳ ಹೆಬ್ಬೆರಳಿಗೇ ಸವೆದುಹೋದದ್ದು, ನಮ್ಮಿಬ್ಬರ ನಡುವೆ ಮೇಜಿನ ಮೇಲೆಯೇ ಇತ್ತು. ಮೂಲೆಯಲ್ಲಿ ಕುಳಿತು ಕಾಜಾ ಹೊಲಿಯುತ್ತಿದ್ದ ಕಾಜಾ ಚಿಕ್ಕಮ್ಮ (ಇಪ್ಪತ್ತು ವರ್ಷಗಳಿಂದ ಗುಂಡಿ, ಗುಂಡಿತೂತಿನ ಕಾಜಾ ಬಿಟ್ಟು ಬೇರೇನೂ ಮುಟ್ಟದ ಅದೇ ಚಿಕ್ಕಮ್ಮ) ಸೂಜಿಯನ್ನು ತುಟಿಯಿಂದ ತೆಗೆದು, "ಬಡಪಾಯೀನ ಪರೀಕ್ಷೆಗೆ ಕೂರಿಸಿದ್ಯಲ್ಲ ತಾಯಿ, ನೀನು ಬರೆದಿದ್ದು ಸಾಲದಾ?" ಎಂದರು.

ಆಗ ಅಂಚೆಯಣ್ಣ ಬಂದ. ಅಂಗಡಿ ಮುಚ್ಚುವ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಹೊಸ ಸಮವಸ್ತ್ರಕ್ಕೆ ಅಳತೆ ಕೊಡಲು ನಿಂತುಬಿಟ್ಟ. ನಾನು ಏನಾದರೂ ಹೇಳುವ ಮೊದಲೇ ಅಮ್ಮ ಎದ್ದು, ಕೊರಳಿನ ಟೇಪನ್ನು ಎಳೆದು ಅವನ ಎದೆಗೆ ಸುತ್ತಿ, "ಮೂವತ್ತೆಂಟು" ಎಂದಳು. ಚಿಕ್ಕಮ್ಮ ಎಂದಿನಂತೆ ಬರೆದುಕೊಂಡರು. "ಮೂವತ್ತಾರು." ಅದು ಸೊಂಟ. ನಾನು ಬಗ್ಗಿ ಟೇಪನ್ನು ಓದಿದೆ. ಎರಡೂ ಸರಿಯಾಗಿದ್ದವು. ಭುಜಕ್ಕೆ ಬಂದಾಗ ಮಾತು ತಡೆಯಿತು. ಅಮ್ಮ ಟೇಪಿನ ಮೇಲೆ ಬೆರಳಿಟ್ಟು ತೋರಿಸಿದಳು. ಬಹುಕಾಲದ ರೂಢಿಯಲ್ಲಿ ಸವೆದ ಮಾತುಗಳು ಹೀಗೆ ಉಳಿದುಕೊಳ್ಳುವುದುಂಟು ಎಂದು ನಾನು ಓದಿದ್ದೇನೆ, ಅದರ ಮೇಲೆ ಪ್ರಬಂಧವನ್ನೂ ಬರೆದಿದ್ದೇನೆ. ಆದರೂ ಟೇಪನ್ನು ಮತ್ತೊಮ್ಮೆ ಓದಿದೆ.

"ಯಾವತ್ತು ಬರ್ಲಿ ಅಮ್ಮಾವ್ರೇ?" ಎಂದು ಅಂಚೆಯಣ್ಣ ಕೇಳಿದ.

ಚಿಕ್ಕಮ್ಮ ನನ್ನತ್ತ ನೋಡಿ, "ಭಾನುವಾರ ಬಾಗಿಲು ಹಾಕ್ತಾರಂತಪ್ಪ. ಅಮ್ಮಾವ್ರು ಒಪ್ಪಿದ್ದಾರಂತೆ" ಎಂದರು.

ಅಮ್ಮ ಅಂಗೈಯಿಂದ ಮೇಜಿಗೆ ಬಡಿದಳು. ಗುಂಡಿ ಡಬ್ಬ ನೆಲಕ್ಕುರುಳಿತು. "ಹೂಂ! ಹೂಂ! ಹೂಂ!"

"ಅದು ಒಪ್ಪಿದ ಹೂಂ ಅಲ್ಲ ಕಣೇ," ಎಂದರು ಚಿಕ್ಕಮ್ಮ, ನೆಲದಿಂದ ಗುಂಡಿ ಆರಿಸುತ್ತ. "ಈಗ ಅಂಗಡಿಗೆ ಬೆಂಕಿ ಹಚ್ಲಾ ಅಂತ ಕೇಳು, ಅದಕ್ಕೂ ಹೂಂ ಅಂತಾರೆ. ನಾನು ಓದಿಲ್ಲ, ನನಗೇ ಗೊತ್ತಾಗತ್ತೆ. ನಿನಗೆ ಗೊತ್ತಾಗಲಿಲ್ವಾ?"

ನಾನೂ ನೆಲಕ್ಕೆ ಕುಳಿತು ಗುಂಡಿ ಆರಿಸತೊಡಗಿದೆ.

ನಿನ್ನೆ ಬೆಳಿಗ್ಗೆ ನಿಯಮದಂತೆ ಮತ್ತೆ ಕೇಳಿದೆ. ಈ ಸಲ ಬಾಯಿಮಾತನ್ನು ನೆಚ್ಚಲಿಲ್ಲ. ಒಂದು ಚೀಟಿಯಲ್ಲಿ ನಿನ್ನ ಮನೆಯ ಚಿತ್ರ ಬರೆದೆ, ಹಸಿರು ಗೇಟು ಮತ್ತು ಪುಟ್ಟಿಯ ಸೈಕಲ್ಲಿನ ಸಮೇತ. ಇನ್ನೊಂದರಲ್ಲಿ ಅಂಗಡಿ. "ಎಲ್ಲಿರ್ತೀಯಮ್ಮ?" ಎಂದು ಕೇಳಿ ಬಾಯಿ ಮುಚ್ಚಿ ಕುಳಿತೆ. ಅಂಗಡಿಯ ಮೇಲೆ ಬೆರಳಿಟ್ಟಳು. ಚೀಟಿಗಳ ಜಾಗ ಅದಲು ಬದಲು ಮಾಡಿದೆ, ಮತ್ತೆ ಅಂಗಡಿ. "ಎಲ್ಲಿಗೆ ಹೋಗಲ್ಲ?" ಎಂದು ಮಗುಚಿದೆ. ಅಮ್ಮ ನಿನ್ನ ಮನೆಯನ್ನು ತೋರಿಸಿ, ಕೂಡಲೇ ಪುಟ್ಟಿಯ ಸೈಕಲ್ಲನ್ನು ಬೆರಳಿನಿಂದ ಸವರಿದಳು. ಅದರ ಅರ್ಥವನ್ನು ನಿನಗೇ ಬಿಡುತ್ತೇನೆ. ದಾಖಲೆಯಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಉತ್ತರ ಮಾತ್ರ ಸ್ಪಷ್ಟ. ಅಮ್ಮ ಇಲ್ಲಿಯೇ ಇರಬೇಕೆನ್ನುತ್ತಾಳೆ.

ಶನಿವಾರದೊಳಗೆ ತಲುಪಲೆಂದು ಈ ಪತ್ರವನ್ನು ಅಂಚೆಯಣ್ಣನ ಕೈಗೇ ಕೊಡುತ್ತಿದ್ದೇನೆ. ನೀನು ಭಾನುವಾರ ಬಾ, ಬರಬೇಡವೆನ್ನುವುದಿಲ್ಲ. ಆದರೆ ಕೇಳಲು ಬಾ, ಕರೆದೊಯ್ಯಲಲ್ಲ. ಕೋಟಿನ ಟೈಲರನ ಬೈಗುಳವನ್ನು ನಾನು ತಿನ್ನುತ್ತೇನೆ. ನನ್ನ ಮೇಲಿನ ಕೋಪ ಇಳಿದ ದಿನ, ಹಿರಿಯಳಾಗಿ ನನ್ನ ತಲೆಯ ಮೇಲೆ ಕೈಯಿಡು. ಪುಟ್ಟಿ ಇನ್ನೂರು ವರ್ಷ ವಟಗುಟ್ಟುತ್ತಿರಲಿ. ಅವಳಿಗೆ ಒಂದು ಪದಕ್ಕೂ ತಡಕಾಡುವ ದಿನ ಬಾರದಿರಲಿ.

ನಿನ್ನ ತಂಗಿ,
ಪಂಡಿತೆ

ಮರೆತಿದ್ದು: ಸಹಿ ಹಾಕಿದ ಮೇಲೆ, ಅಮ್ಮನ ವಿಷಯವಾಗಿ ಬರೆದದ್ದನ್ನು ಅಮ್ಮನಿಗೆ ತಿಳಿಯದಂತೆ ಕಳಿಸುವುದು ಸರಿಯಲ್ಲವೆನಿಸಿ, ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. "ಮಗುಚಿ ಕೇಳಲಿಲ್ಲ. ಮರೆತೆ" ಎಂಬಲ್ಲಿಗೆ ಬಂದಾಗ ಅವಳು ನನ್ನ ಮಣಿಕಟ್ಟು ಹಿಡಿದಳು. ತುಟಿ ಎರಡು ಸಲ ಕೂಡಿ ಬಿಟ್ಟಿತು. ನಾನು ಸೆಕೆಂಡು ಎಣಿಸಿದೆ. ಆಮೇಲೆ ಸ್ಪಷ್ಟವಾಗಿ, "ಸುಳ್ಳು" ಎಂದಳು.

ಅಕ್ಕ, ನಾಲ್ಕು ತಿಂಗಳಲ್ಲಿ ಅಮ್ಮ ತಾನಾಗಿ ಹುಡುಕಿ ತೆಗೆದ ಮೊದಲ ಪದ ಇದು.

ನಾನು ಮಗುಚಿ ಕೇಳಿದ್ದೆ. ಕಳೆದ ತಿಂಗಳು ಅಂದೇ, ಅಮ್ಮನ ಮಂಚದ ಮೇಲೆ ಕುಳಿತು. "ಅಂಗಡಿ ಬಿಟ್ಟು ಹೋಗೋದು ಬೇಡ್ವಾ?" ಎಂದಾಗಲೂ ಅವಳು "ಹೂಂ" ಎಂದಳು; ನನ್ನ ಸೆರಗನ್ನು ಬಿಡದೆ ಹಿಡಿದುಕೊಂಡಳು. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೊದಲ ಹೂಂ ಮಾತ್ರ ನಿನಗೆ ಬರೆದೆ. ಅದಕ್ಕೆ ಮೂರು ದಿನ ಮೊದಲು ದೂರದ ವಿಶ್ವವಿದ್ಯಾಲಯದಿಂದ ನನಗೆ ಪತ್ರ ಬಂದಿತ್ತು, ಸಂಶೋಧನೆಗೆ ಆಯ್ಕೆಯಾಗಿದ್ದೇನೆಂದು. ಆ ಪಟ್ಟಿಯಲ್ಲೂ ಮೊದಲ ಹೆಸರು ನನ್ನದೇ. ಅಮ್ಮ ನಿನ್ನಲ್ಲಿಗೆ ಬಂದರೆ ಮಾತ್ರ ನಾನು ಹೋಗಬಹುದಿತ್ತು. ಇದನ್ನು ನಿನಗೆ ಹೇಳಿರಲಿಲ್ಲ. ಅಲ್ಲಿಗೆ ಹೋಗಿ ನಾನು ಓದಬೇಕಾಗಿದ್ದ ವಿಷಯ, ಮಾತು ಕಳೆದುಕೊಂಡವರ ಮನಸ್ಸಿನಲ್ಲಿರುವುದನ್ನು ತಿಳಿಯುವ ಬಗೆ.

ಇಷ್ಟನ್ನೂ ಈಗ ಅಮ್ಮನಿಗೆ ಓದಿದೆ. "ಈಗ ಎಲ್ಲಾ ನಿಜಾನಾ ಅಮ್ಮ?" ಎಂದು ಕೇಳಿದೆ. "ಹೂಂ" ಎಂದಳು. "ಇನ್ನೂ ಸುಳ್ಳಿದೆಯಾ?" ಎಂದು ಮಗುಚಿದೆ. ಹತ್ತು ಸೆಕೆಂಡು ಕಳೆಯಿತು. ಹೂಂ ಬರಲಿಲ್ಲ. ಅವಳು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಬಟ್ಟೆ ಮಡಿಸುವಂತೆ ಅಂಚಿಗೆ ಅಂಚು ಸೇರಿಸಿ ಮಡಿಸುತ್ತಿದ್ದಾಳೆ. ಈ ಕೊನೆಯ ಹಾಳೆಗಾಗಿ ಕೈ ಚಾಚಿ ಕಾಯುತ್ತಿದ್ದಾಳೆ.