ಬೈಯಲಾಗದ ಆಳು

ಬ್ಯಾಟರಾಯನಪುರ, ಬೆಂಗಳೂರು
ಭಾನುವಾರ, ೨೦ ಜುಲೈ ೨೦೨೫

ಪ್ರೀತಿಯ ಗಂಗಾ,

ಹೇಗಿದ್ದೀಯ? ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಔಷಧಿಯ ಹನಿ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದಾರೆಯೇ, ಇಲ್ಲ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದಿದ್ದಾರೆಯೇ? ನಿನ್ನ ಸೊಂಟನೋವು ಹೇಗಿದೆ? ನಮ್ಮ ಪದ್ದಿ ನರಗುಂದದ ಶಾಲೆಗೆ ಹೊಂದಿಕೊಂಡಳೇ? ನಾನು ಚೆನ್ನಾಗಿದ್ದೇನೆ. ಅನ್ನ, ಸಾರು ಮಾಡಿಕೊಳ್ಳುತ್ತೇನೆ. ರೊಟ್ಟಿ ಮಾತ್ರ ಇನ್ನೂ ಭೂಪಟದ ಹಾಗೆಯೇ ಬರುತ್ತದೆ, ನಗಬೇಡ. ದಿನವೂ ಫೋನು ಮಾಡುವವನು ಪತ್ರ ಯಾಕೆ ಬರೆಯುತ್ತಿದ್ದಾನೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು "ಊಟ ಆತೇನ್ರಿ" ಎಂದ ಕೂಡಲೇ ಆತು ಎಂದು ಫೋನು ಇಟ್ಟುಬಿಡುತ್ತೇನೆ. ಹೇಳಬೇಕಾದದ್ದು ಒಳಗೇ ಉಳಿಯುತ್ತದೆ.

ಕಾಲೇಜಿನವರು ವಿಜ್ಞಾನ ವಿಭಾಗ ಮುಚ್ಚಿ ನನ್ನನ್ನು ಮನೆಗೆ ಕಳಿಸಿದ ಮೇಲೆ ಎಷ್ಟು ಕಾಲೇಜುಗಳಿಗೆ ಅಲೆದೆನೆಂಬುದು ನಿನಗೆ ಗೊತ್ತೇ ಇದೆ. ಐವತ್ತು ದಾಟಿದ ಭೌತಶಾಸ್ತ್ರದ ಮಾಸ್ತರ ಯಾರಿಗೂ ಬೇಡ. ನೀನು ಮಗಳನ್ನು ಕರೆದುಕೊಂಡು ತವರಿಗೆ ಹೋದ ಮೇಲೆ, ಮೈಯಂತೂ ಗಟ್ಟಿಯಿದೆ, ಯಾವ ಕೆಲಸವಾದರೂ ಸರಿ ಎಂದು ಅಬ್ಬಿಗೆರೆಯ ಒಂದು ಗೋದಾಮಿಗೆ ಹೋದೆ. ಪೆಟ್ಟಿಗೆಗಳಿಗೆ ಟೇಪು ಸುತ್ತಿ ಲಾರಿಗೆ ಏರಿಸುವ ಕೆಲಸ. ಅಲ್ಲಿನ ಮೇಸ್ತ್ರಿ ಮುರುಗೇಶ್, ನಾನು ಎಂ.ಎಸ್ಸಿ. ಎಂದದ್ದೇ ಕುರ್ಚಿ ಬಿಟ್ಟು ಎದ್ದು ನಿಂತ. "ಸಾರ್, ನಾನು ಎಸ್ಸೆಲ್ಸಿ ಫೇಲು. ಇಲ್ಲಿ ಬೈದೂ ಬೈದೂ ಕೆಲ್ಸ ತೆಗೀಬೇಕು. ನಿಮ್ಮನ್ನ ನಾನು ಹೆಂಗ್ ಬೈಲಿ ಹೇಳಿ?" ಎಂದ. "ಬೈಯಪ್ಪ, ನನಗೇನೂ ಬೇಜಾರಿಲ್ಲ" ಎಂದೆ. ಟೀ ತರಿಸಿ ಕುಡಿಸಿ, ಗೇಟಿನವರೆಗೂ ಬಂದು ಕಳಿಸಿಕೊಟ್ಟ. ಪೆಟ್ರೋಲ್ ಬಂಕಿನಲ್ಲಿ, ಯಲಹಂಕದ ಹೋಟೆಲಿನಲ್ಲಿ ಇನ್ನೊಂದು ಮಾತು: "ಒಳ್ಳೆ ಕೆಲ್ಸ ಸಿಕ್ಕಿದ್ ತಕ್ಷಣ ಬಿಟ್ಟೋಗ್ತೀರ ಸಾರ್." ಆ ಒಳ್ಳೆಯ ಕೆಲಸ ಎಲ್ಲಿದೆ ಎಂದು ಅವರನ್ನೇ ಕೇಳಬೇಕೆನ್ನಿಸಿತು.

ಕೊನೆಗೆ ಕೆಂಪಾಪುರದ ಪಿಳ್ಳಣ್ಣನವರ ದಿನಸಿ ಅಂಗಡಿಗೆ ಹೋದಾಗ ಎಂಟನೇ ಕ್ಲಾಸು ಎಂದುಬಿಟ್ಟೆ. ಅವರು ತಲೆಯೆತ್ತಿಯೂ ನೋಡದೆ "ಆಯ್ತು, ಹೋಗಿ ಮೂಟೆ ಇಳ್ಸು" ಎಂದರು. ಎಷ್ಟೋ ತಿಂಗಳ ಮೇಲೆ ಒಬ್ಬರು ನನಗೊಂದು ಕೆಲಸ ಹೇಳಿದ್ದರು ಗಂಗಾ. ಆ ಏಕವಚನ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ನಿನಗೆ ಹೇಳಿದರೆ ನಂಬಲಿಕ್ಕಿಲ್ಲ. ಅಂಗಡಿ ಗುಡಿಸುವ ಯಲ್ಲಮ್ಮ ಮಧ್ಯಾಹ್ನ "ಬಾ ನಾಗಣ್ಣ, ಇಂಗೆ ಕುಂತ್ಕೊ" ಎಂದು ತನ್ನ ಡಬ್ಬಿಯ ಮುದ್ದೆ ಮುರಿದು ಕೊಡುತ್ತಿದ್ದಳು. ನಾನು ಅದನ್ನು ಅಗಿಯುವುದು ಕಂಡು ಬಿದ್ದು ಬಿದ್ದು ನಗುತ್ತಿದ್ದಳು. ರಾತ್ರಿ ಮೈಕೈ ನೋಯುತ್ತಿತ್ತು, ನಿದ್ದೆ ಮಾತ್ರ ಸೊಗಸಾಗಿ ಬರುತ್ತಿತ್ತು.

ಕಳೆದ ಸೋಮವಾರ ರವಿಕಿರಣ ಬಂದ. ನನ್ನ ಹಳೆಯ ವಿದ್ಯಾರ್ಥಿ. ಹೆಂಡತಿಯೊಂದಿಗೆ ಸಾಮಾನು ಕೊಳ್ಳಲು ಬಂದವನು ನನ್ನ ಬೆನ್ನ ಮೇಲಿನ ಮೂಟೆಯನ್ನೂ ಮುಖವನ್ನೂ ನೋಡಿ ನಿಂತುಬಿಟ್ಟ. ನಾನು ಮೂಟೆ ಇಳಿಸುವಷ್ಟರಲ್ಲಿ ಕಾಲು ಮುಟ್ಟಿದ. ಅವನ ಕಣ್ಣಲ್ಲಿ ನೀರು. "ಇವ್ರು ಯಾರು ಅಂತ ಗೊತ್ತೇನ್ರೀ? ನಮ್ ಕಾಲೇಜ್ ಮೇಷ್ಟ್ರು ಇವ್ರು. ಇವರ ಕೈಲಿ ಮೂಟೆ ಹೊರಿಸ್ತಿದ್ದೀರಲ್ಲ" ಎಂದು ಗಿರಾಕಿಗಳೆದುರೇ ಪಿಳ್ಳಣ್ಣನವರ ಮೇಲೆ ರೇಗಿದ. ಕೆಲಸ ನೋಡುತ್ತೇನೆಂದು ನನ್ನ ನಂಬರು ಬರೆದುಕೊಂಡು ಹೋದ. ಅವನು ಮಾಡಿದ್ದೆಲ್ಲ ಪ್ರೀತಿಯಿಂದಲೇ.

ಅಂದು ಮಧ್ಯಾಹ್ನ ಯಲ್ಲಮ್ಮ ನನ್ನನ್ನು ಊಟಕ್ಕೆ ಕರೆಯಲಿಲ್ಲ. ನಾನೇ ಹತ್ತಿರ ಹೋದರೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು "ನೀವು ಕುಂತ್ಕಳಿ ಸಾರ್" ಎಂದಳು. ಸಂಜೆ ಪಿಳ್ಳಣ್ಣನವರು ಕೈಮುಗಿದರು. "ನಾಳೆಯಿಂದ ಬರ್ಬೇಡಿ ಸಾರ್. ಮೇಷ್ಟ್ರ ಕೈಲಿ ಮೂಟೆ ಹೊರಿಸಿದ್ರೆ ನನ್ ಮಕ್ಕಳಿಗೆ ವಿದ್ಯೆ ಹತ್ತಲ್ಲ" ಎಂದರು. ನಾನು ಅಂಗಲಾಚಿದೆ, ಗಂಗಾ. ನಿನ್ನೆ ಹೊತ್ತವನೇ ನಾಳೆಯೂ ಹೊರುತ್ತೇನೆ, ನನ್ನ ಬೆನ್ನು ಬದಲಾಗಿಲ್ಲ ಎಂದೆ. ಅವರು ಮತ್ತೆ ಕೈಮುಗಿದರು. ಹೆಬ್ಬಾಳದವರೆಗೂ ನಡೆದು ಬಂದು, ಬಸ್‌ ನಿಲ್ದಾಣದಲ್ಲಿ ಅಷ್ಟು ಜನರ ನಡುವೆ ಕೂತು ಅತ್ತುಬಿಟ್ಟೆ. ಯಾರಾದರೂ ಅವಮಾನ ಮಾಡಿ ಕಳಿಸಿದ್ದರೆ ಸಿಟ್ಟಾದರೂ ಬರುತ್ತಿತ್ತು. ಎಲ್ಲರೂ ಕೈಮುಗಿದೇ ಬಾಗಿಲು ಹಾಕಿಕೊಂಡರು. ರವಿಕಿರಣ ಈಗ ಫೋನು ಎತ್ತುತ್ತಿಲ್ಲ. ಅವನನ್ನು ಶಪಿಸಬೇಡ. ನನಗೆ ಕೊಡಿಸುವಂಥ ಕೆಲಸ ಅವನಿಗೂ ಸಿಕ್ಕಿರಲಿಕ್ಕಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಪದ್ದಿಯ ನೆತ್ತಿ ಸವರಿ ಅಪ್ಪ ಕೇಳಿದ ಎನ್ನು. ಭಾರದ ಕೊಡ ಎತ್ತಬೇಡ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ,
ನಾಗಲಿಂಗಪ್ಪ

ಮತ್ತೆ: ಹೆಬ್ಬಾಳದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಆಗುವ ಹಾಗಿದೆ. ಸೇರಿಸಿಕೊಳ್ಳುವ ಮುಂಚೆ ಮನೆಗೆ ಫೋನು ಮಾಡಿ ವಿಚಾರಿಸುತ್ತಾರಂತೆ. ನಿನ್ನ ನಂಬರು ಕೊಟ್ಟಿದ್ದೇನೆ. ನಿಮ್ಮ ಗಂಡ ಏನು ಓದಿದ್ದಾರೆ ಎಂದು ಕೇಳಿದರೆ ಎಂಟನೇ ಕ್ಲಾಸು ಎನ್ನು. ಎಂ.ಎಸ್ಸಿ. ಮಾಸ್ತರನಿಗೇ ಮಗಳನ್ನು ಕೊಡಬೇಕೆಂದು ನಿಮ್ಮಪ್ಪ ಎಷ್ಟು ಓಡಾಡಿದ್ದರೆಂಬುದು ನನಗೆ ಗೊತ್ತು. ಆದರೂ ಹಾಗೇ ಹೇಳು, ತಡವರಿಸಬೇಡ. ಆ ಫೋನು ಬರುವವರೆಗೆ ಮೊಬೈಲು ಪದ್ದಿಯ ಕೈಗೆ ಸಿಗದ ಹಾಗೆ ನೋಡಿಕೊ. ಅವಳು "ನಮ್ಮಪ್ಪ ಕಾಲೇಜ್ ಮೇಷ್ಟ್ರು" ಎಂದುಬಿಡುತ್ತಾಳೆ.