ಆಪರೇಷನ್‌ಗೆ ಮುಂಚೆ ಬೇಕಾದ ಕ್ಷಮೆ

೧೪ ಮಾರ್ಚ್, ಶುಕ್ರವಾರ

ಪ್ರಿಯ ಗುರುವೇ,

ಸಮಸ್ತ ಲೋಕಕ್ಕೂ ತಿಳಿಯಪಡಿಸುವುದೇನೆಂದರೆ, ನಮ್ಮ ಊಟದ ಮೇಜಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ಮುಖ ಮಾಡಿರುವ ಏಕೈಕ ಕುರ್ಚಿ ಇಂದಿನಿಂದ ಅಧಿಕೃತವಾಗಿ ನನ್ನದು. ಇಷ್ಟು ದಿನ ಅದನ್ನು ಅಲಂಕರಿಸಿದ್ದ ಅಳಿಯದೇವರು "ಯುದ್ಧ ಯಾವ ಕಾಲಕ್ಕೋ ಮುಗೀತಲ್ಲ ಮಾವ" ಎಂದು ಗೊಣಗುತ್ತಲೇ ಎದ್ದರು. ಮುಗಿದ ಸುದ್ದಿಯನ್ನು ನನ್ನ ಬೆನ್ನಿಗೆ ಇನ್ನೂ ಯಾರೂ ತಲುಪಿಸಿಲ್ಲ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೃದಯದ ಆಪರೇಷನ್‌ಗೆ ಮುಂಚೆ ನನ್ನಿಂದ "ಕ್ಷಮಿಸಿದೆ" ಎಂಬ ಒಂದು ಮಾತು ಬೇಕು, ದೇವರಂತೂ ಆಗಲೇ ಕ್ಷಮಿಸಿದ್ದಾನೆ ಎಂದು ಬರೆದಿದ್ದೀಯ. ಅವನಿಗೇನಪ್ಪ, ದೊಡ್ಡವನು. ಆ ದಿನ ಜೀಪಿನಲ್ಲಿ ಅವನು ಕೂತಿರಲಿಲ್ಲ.

ನೆಲಬಾಂಬು ಹುಡುಕುವವರು ಬರಲಿ, ಕಾಯೋಣ ಎಂದೆ ನಾನು. ನಮ್ಮ ತುಕಡಿಯ ನಾಯಕನಾದ ನೀನು ಕಣ್ಣು ಮುಚ್ಚಿ ಪ್ರಾರ್ಥಿಸಿ, "ದಾರಿ ಸರಿಯಾಗಿದೆ, ನಂಗೆ ಒಳಗಿಂದ ಹೇಳ್ತಿದೆ, ನಡೀರೋ" ಎಂದೆ. ನಿನ್ನ ಒಳಗಿರುವವನಿಗೆ ನೆಲದ ಒಳಗಿರುವುದು ಕಾಣಲಿಲ್ಲ. ನನ್ನ ಎಡಗಿವಿ ಹೋಯಿತು. 'ಮರಿ' ಎಂದು ನಾವು ರೇಗಿಸುತ್ತಿದ್ದ ಆ ಆರಡಿ ಡ್ರೈವರ್ ಹೋದ.

ಇಲ್ಲಿ ಎಲ್ಲರೂ ಕ್ಷಮೆಯನ್ನು ಮಾತ್ರೆಯ ಹಾಗೆ ಬರೆದುಕೊಡುತ್ತಾರೆ. "ಕ್ಷಮಿಸಿಬಿಡಿ ಸಾರ್, ಬೀಪಿ ಇಳಿಯುತ್ತೆ" ಎಂದರು ಡಾಕ್ಟರು. ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದೆ. "ನಿಮ್ಮ ತಮಾಷೆಗೆ ಅವ್ರೂ ನಗಲ್ಲ, ನಾನೂ ನಗಲ್ಲ. ಮೊದ್ಲು ನೆಟ್ಟಗೆ ನಿದ್ದೆ ಮಾಡೋದು ಕಲೀರಿ" ಎಂದಳು ನಿನ್ನ ಅತ್ತಿಗೆ.

ಆ ಮಾತು ಬಾಯಿಗೆ ಬರುತ್ತಿಲ್ಲ, ಗುರುವೇ. ಸುಮ್ಮನೆ ಬರೆದು ಕಳಿಸಿದರೆ ನಿನಗೇ ಗೊತ್ತಾಗಿಬಿಡುತ್ತದೆ. ನೀನು ಗುಣವಾಗಿ ಬಾ, ನೂರು ವರ್ಷ ಬಾಳು. ನೀನೂ ಹೋದರೆ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ಕೂರಲಿ?

ನಿನ್ನ,
ಕಿವುಡ

ವಿ.ಸೂ.: ದಾರಿಯ ವಿಷಯ ಬಿಡು, ಯಾರಾಗಿದ್ದರೂ ತಪ್ಪುತ್ತಿದ್ದರು. ಮರಿ ರಸ್ತೆಯಲ್ಲಿ ಬಿದ್ದುಕೊಂಡು "ಅಣ್ಣಾ, ಇಲ್ಲಿ ಬಾ ಅಣ್ಣಾ" ಎಂದು ನಿನ್ನನ್ನೇ ಕರೆಯುತ್ತಿದ್ದ. ಉಳಿದ ಕಿವಿಯಲ್ಲಿ ನಾನು ಕೇಳಿದ್ದೇನೆ. ನೀನು ಅಲ್ಲೇ ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದೆ. ಅವನು ಸುಮ್ಮನಾಗುವವರೆಗೂ ಕಣ್ಣು ಬಿಡಲಿಲ್ಲ. ಅವನ ಅಮ್ಮನಿಗೆ ಮಾತ್ರ, ದೇವರ ಸ್ಮರಣೆ ಮಾಡುತ್ತಾ ಹೋದ ಎಂದು ಹೇಳಿ ಬಂದಿದ್ದೀಯ. ಮೊನ್ನೆ ಆಕೆ ಫೋನ್ ಮಾಡಿ "ಹೌದೇನಪ್ಪಾ?" ಎಂದರು. ಹೌದಮ್ಮ ಎಂದೆ. "ಯಾವ ಪ್ರಾರ್ಥನೆ ಹೇಳ್ದ? ನಾನೂ ದಿನಾ ಅದನ್ನೇ ಹೇಳ್ಕೋತೀನಿ" ಎಂದರು. ಗುರುವಿಗೆ ಗೊತ್ತು ಎಂದುಬಿಟ್ಟೆ. ಆಕೆ ಕೇಳಿದಾಗ ಚಿಕ್ಕದೊಂದನ್ನು ಹೇಳಿಕೊಡು. ವಯಸ್ಸಾಗಿದೆ, ಉದ್ದದ್ದು ಬಾಯಿಪಾಠ ಆಗುವುದಿಲ್ಲ.