ಮ್ಯಾಚು ಮುಗಿಯುವವರೆಗೆ

ಕಮಲಾಪುರ, ಸೋಮವಾರ

ಮೈ ಡಿಯರ್ ಕ್ಯಾಪ್ಟನ್ ಶೀಲಾ ಅವರಿಗೆ ಕಲ್ಯಾಣಪ್ಪನ ಶರಣು.

ನಮ್ಮ ದೇಶದ ಮಹಿಳಾ ವಾಲಿಬಾಲ್ ತಂಡದ ಇತಿಹಾಸ ಬರೆಯುತ್ತಿದ್ದೀರಿ, ಕಸ್ತೂರಿ ಆಡಿದ ಮ್ಯಾಚುಗಳ ಸ್ಕೋರು ಕಳಿಸಿ ಎಂದಿದ್ದೀರಿ. ಐ ಬೆಗ್ ಟು ಸ್ಟೇಟ್, ನನಗೆ ಸ್ಕೋರು ನೆನಪಿಲ್ಲ. ಕಾಲೇಜಿನ ಇಂಗ್ಲಿಷಿನಲ್ಲಿ ಇಷ್ಟೇ ಉಳಿದಿದೆ, ನಗಬೇಡಿ. ಆಟಕ್ಕೆಂದು ಕಸ್ತೂರಿ ತಾಳಿ ಬಿಚ್ಚಿದರೆ ಗಂಡನ ಕೈಗೇ ಕೊಡಬೇಕೆಂದು ನಮ್ಮವ್ವ ಹಾಕಿದ ಕರಾರಿನಿಂದ ನಾನೂ ನಿಮ್ಮ ಹಿಂದೆ ಊರೂರು ತಿರುಗಿದವನು. ಮ್ಯಾಚು ಮುಗಿಯುವವರೆಗೆ ತಾಳಿ ನನ್ನ ಅಂಗಿಯ ಜೇಬಿನಲ್ಲಿ. ಗೆದ್ದರೆ ಓಡಿ ಬಂದು ಕೊರಳು ಒಡ್ಡುತ್ತಿದ್ದಳು. ಆ ಸೆಮಿಫೈನಲ್ಲಿನ ಐದನೇ ಸೆಟ್ಟು ಸೋತಾಗ ಮಾತ್ರ, "ಇನ್ನ ಸ್ವಲ್ಪ ನಿಮ್ಮ ಹಂತ್ಯಾಕ ಇರ್ಲಿರೀ" ಎಂದಿದ್ದಳು. ತಾಳಿಯ ಕೊಂಡಿ ಹಾಕುತ್ತಿದ್ದವರು ನೀವೇ. "ಅಣ್ಣಾರ ಕೈ ನಡಗ್ತಾವ, ಸರೀರಿ ಅತ್ಲಾಗ" ಎಂದು ಚೇಷ್ಟೆ ಮಾಡುತ್ತಿದ್ದಿರಿ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಕಲಬುರಗಿಯ ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದ ದಿನ, ಮೈ ತೊಳೆಯಲು ಹೆಣ್ಣುಮಕ್ಕಳು ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಮ್ಮ ಮನೆತನದಲ್ಲಿ ಮುತ್ತೈದೆಯ ತಾಳಿ ಅವಳ ಜೊತೆಗೇ ಮಣ್ಣಿಗೆ ಹೋಗಬೇಕು. ನಾನು ರೂಢಿಯಂತೆ ಜೇಬಿಗೆ ಹಾಕಿಕೊಂಡು ಒಂದು ಕಡೆ ಕೂತೆ. ಅಂಗಿ ತೆಗೆಯುವಾಗ ಕೈಗೆ ಹತ್ತಿತು. ಅಷ್ಟರಲ್ಲಿ ಮಣ್ಣು ಕೊಟ್ಟು ಬಂದಾಗಿತ್ತು.

ಸಮಾಧಿ ನಮ್ಮ ಕೆಂಪು ಬಾಳೆಯ ತೋಟದಲ್ಲಿದೆ. ಕಲಬುರಗಿ ಬಸ್ಸು ಅಲ್ಲೇ ನಿಲ್ಲುತ್ತದೆ. ಒಂದು ದಿನ ಬರ್ರಿ. ಮಣ್ಣು ನಾನು ಸರಿಸುತ್ತೇನೆ, ತಾಳಿ ನೀವು ಇಡಬೇಕು. ನನ್ನ ಕೈ ಇನ್ನೂ ನಡುಗುತ್ತವೆ.

ಯುವರ್ಸ್ ಒಬಿಡಿಯಂಟ್ಲಿ,
ಕಸ್ತೂರಿಯ ಮನೆಯವರು,
ಕಲ್ಯಾಣಪ್ಪ